ಅವನು, ಅವರು

2018ರ ಮಾರ್ಚ್. ಕ್ಯೂಬಾದ ರಾಜಧಾನಿ ಹವಾನಾದ ಬಿಸಿಲಿಗೆ ಸುಸ್ತಾಗಿ ಟ್ಯಾಕ್ಸಿ ಹತ್ತಿದರೆ ರೇಡಿಯೊ ಒಂದೇ ಸಮನೆ ಟಿಕ್ ಟಿಕ್ ಅನ್ನುತ್ತಿತ್ತು. ಕೆಟ್ಟಿದೆಯೇ ಅಂತ ಕೈಸನ್ನೆಯಲ್ಲಿ ಕೇಳಿದೆ. ಡ್ರೈವರ್ ನಕ್ಕ. ಅದು ರೇಡಿಯೊ ರೆಲೋಹ್, ಅಂದರೆ ಗಡಿಯಾರದ ರೇಡಿಯೊ. ದಿನವಿಡೀ ಸುದ್ದಿ, ಅದರ ಬೆನ್ನಿಗೇ ಸೆಕೆಂಡಿನ ಸದ್ದು.

1957ರ ಮಾರ್ಚ್ 13ರ ಮಧ್ಯಾಹ್ನ ಹೊಸೆ ಆಂಟೋನಿಯೊ ಎಚೆವೆರಿಯಾ ಎಂಬ 24ರ ವಿದ್ಯಾರ್ಥಿ ನಾಯಕ ಇದೇ ರೇಡಿಯೊದ ಸ್ಟುಡಿಯೊಗೆ ನುಗ್ಗಿ, ಸರ್ವಾಧಿಕಾರಿ ಬಟಿಸ್ಟಾ ಸತ್ತ ಎಂದು ಸಾರಿಬಿಟ್ಟಿದ್ದ. ಅದೇ ಹೊತ್ತಿಗೆ ಅವನ ಸಂಗಡಿಗರು ಬಟಿಸ್ಟಾನನ್ನು ಕೊಲ್ಲಲು ಅರಮನೆಗೆ ನುಗ್ಗಿದ್ದರು. ಬಟಿಸ್ಟಾ ಸತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ವಿಶ್ವವಿದ್ಯಾಲಯದ ಪಕ್ಕದಲ್ಲಿ ಪೊಲೀಸರ ಗುಂಡಿಗೆ ಎಚೆವೆರಿಯಾನೇ ಬಿದ್ದ.

ನಾನು ಹೊರಟಿದ್ದು ಬಟಿಸ್ಟಾನ ಅರಮನೆಗೆ. ಈಗದು ಕ್ರಾಂತಿಯ ಮ್ಯೂಸಿಯಂ. ಮೆಟ್ಟಿಲ ಬಳಿಯ ಅಮೃತಶಿಲೆಯಲ್ಲಿ ಅಂದಿನ ಗುಂಡಿನ ತೂತುಗಳನ್ನು ಮುಚ್ಚದೆ ಹಾಗೇ ಬಿಟ್ಟಿದ್ದಾರೆ. ಒಂದಕ್ಕೆ ಬೆರಳಿಟ್ಟೆ, ಒಳಗೆ ತಣ್ಣಗೆ, ಅಂಚು ಮಾತ್ರ ಒರಟು. ಕಾವಲಿನ ಹೆಂಗಸು ಗದರಿದಳು. ಸ್ಪ್ಯಾನಿಷ್ ಬರದಿದ್ದರೂ ಬೈಗುಳ ಪೂರ್ತಿ ಅರ್ಥವಾಯಿತು. ಹಿತ್ತಿಲಲ್ಲಿ ‘ಫಾಸ್ಟ್ ಡೆಲಿವರಿ’ ಎಂದು ಬರೆದ ಕೆಂಪು ವ್ಯಾನು, ಮೈತುಂಬ ತೂತು. ದಾಳಿಯ ಹುಡುಗರು ಸಾಮಾನಿನ ಹಾಗೆ ಅದರೊಳಗೆ ತುರುಕಿಕೊಂಡು ಬಂದಿದ್ದರು. ಬಟಿಸ್ಟಾ ಇದ್ದ ಮಹಡಿಗೆ ಹತ್ತುವ ದಾರಿ ಮಾತ್ರ ಅವರಿಗೆ ದಕ್ಕಲಿಲ್ಲ.

ದಾಳಿಯ ನಾಯಕರಲ್ಲೊಬ್ಬ, ಫೌರೆ ಚೊಮೊನ್, ಗಾಯಗೊಂಡೂ ಬದುಕಿದ. ಆಗ ಅವನಿಗೆ 28. ನನಗೆ ಕಾಡಿದವನು ಇವನೇ. ಮರುವರ್ಷ ಎಸ್ಕಾಂಬ್ರೆ ಬೆಟ್ಟ ಹತ್ತಿ ಬಂದೂಕು ಹಿಡಿದ. 1959ರ ಜನವರಿಯಲ್ಲಿ ಬಟಿಸ್ಟಾ ಓಡಿಹೋದಾಗ ಅವನ ಸಂಘಟನೆಯ ಹುಡುಗರು ಇದೇ ಅರಮನೆಯಲ್ಲಿ ಬಂದು ಕೂತರು, ಬಿಟ್ಟುಕೊಡಲು ಹಿಂದೆಮುಂದೆ ನೋಡಿದರು. ಬಟಿಸ್ಟಾ ವಿರುದ್ಧವೇ ಹೋರಾಡಿದ ಇನ್ನೊಂದು ಬಣದ ನಾಯಕ ಫಿಡೆಲ್ ಕ್ಯಾಸ್ಟ್ರೊ ತುಂಬಿದ ಸಭೆಯಲ್ಲಿ ‘ಆಯುಧ ಯಾತಕ್ಕೆ?’ ಎಂದು ಕೇಳಿದ್ದು ಇವರನ್ನು ಚುಚ್ಚಿಯೇ. ಮರುವರ್ಷ ಚೊಮೊನ್ ಮಾಸ್ಕೋದಲ್ಲಿ ಕ್ಯೂಬಾದ ರಾಯಭಾರಿ! ಆಮೇಲೆ ಸಾರಿಗೆ ಮಂತ್ರಿ, ಕಮ್ಯುನಿಸ್ಟ್ ಪಕ್ಷದ ಕೇಂದ್ರ ಸಮಿತಿ, ವಿಯೆಟ್ನಾಂ, ಇಕ್ವೆಡಾರ್‌ಗಳಲ್ಲಿ ರಾಯಭಾರ.

ಸಾರಿಗೆ ಮಂತ್ರಿ ಅಂದಾಗ ನಗು ಬಂತು. ಬಸ್ ದರ ಏರಿದ್ದಕ್ಕೆ ಬಸ್ಸಿಗೇ ಕಲ್ಲು ಹೊಡೆದ ನನ್ನ ಹಾಸ್ಟೆಲ್ ಗೆಳೆಯನೂ ಕೊನೆಗೆ ಬಸ್ಸಿನ ಕಡತ ನೋಡುವ ಕೆಲಸವನ್ನೇ ಹಿಡಿದ. ಈಗಲೂ ಸಿಕ್ಕಾಗಲೆಲ್ಲ ರೇಗಿಸುತ್ತೇವೆ, ‘ಏನೋ ಕಲ್ಲಪ್ಪಾ’ ಅಂತ. ಕಚೇರಿಯಲ್ಲಿ ಅವನೂ ‘ಸಾಹೇಬರು’.

ರಾತ್ರಿ ಡೈರಿ ಬರೆಯುವಾಗ ಪೆನ್ನು ತಡೆಯಿತು. ಗುಂಡು ತಿಂದು ಮೆಟ್ಟಿಲಿಳಿದವನನ್ನು ‘ಅವನು’ ಎಂದು ಸಲೀಸಾಗಿ ಬರೆದಿದ್ದೆ. ಮಾಸ್ಕೋದ ಸಾಲಿಗೆ ಬಂದದ್ದೇ ಕೈ ತಾನಾಗಿ ‘ಅವರು’ ಅಂದಿತು. ಯಾವ ವರ್ಷ ಬದಲಾದದ್ದು? ಎಚೆವೆರಿಯಾ ಮಾತ್ರ 24ರಲ್ಲೇ ನಿಂತು, ಎಂದೆಂದಿಗೂ ‘ಅವನು’. ಎರಡು ಸಲ ಹೊಡೆದು ತಿದ್ದಿ, ಪುಟ ಕೆಟ್ಟು, ಹಾಗೇ ಬಿಟ್ಟೆ.

2019ರ ಡಿಸೆಂಬರ್‌ನಲ್ಲಿ ಫೋನಿನಲ್ಲಿ ಸುದ್ದಿ ಕಂಡಿತು: ಫೌರೆ ಚೊಮೊನ್ ನಿಧನ, 90 ವರ್ಷ. ಅಂದರೆ ನಾನು ತೂತಿಗೆ ಬೆರಳಿಟ್ಟು ಬೈಸಿಕೊಂಡ ದಿನ ಅವರು ಇನ್ನೂ ಬದುಕಿದ್ದರು.