ಕಂಪನಿ ಚಕ್ರಕ್ಕೆ ಅಗಲದ ಟಯರ್: ನಾನು 215ಕ್ಕೇ ಯಾಕೆ ನಿಂತೆ

ಹಾಟ್ ಹ್ಯಾಚ್, ಅಂದರೆ ಜೋರು ಎಂಜಿನ್‌ನ ಚಿಕ್ಕ ಹ್ಯಾಚ್‌ಬ್ಯಾಕ್ ಕಾರು ಓಡಿಸುವವರ ತಲೆಗೆ ಒಂದಲ್ಲ ಒಂದು ದಿನ ಅಗಲದ ಟಯರ್‌ನ ಹುಳ ಹೊಗುವುದು ಗ್ಯಾರಂಟಿ. ನನ್ನದು ಟರ್ಬೊ ಎಂಜಿನ್, ಎಳೆಯುವುದು ಮುಂದಿನ ಚಕ್ರ. ಬಿಗಿ ತಿರುವಿನಿಂದ ಎರಡನೇ ಗೇರ್‌ನಲ್ಲಿ ಹೊರಬರುವಾಗ ಆಕ್ಸಿಲರೇಟರ್ ಒತ್ತಿದರೆ ಸಾಕು, ಒಳಬದಿಯ ಚಕ್ರ ಜಾರುತ್ತದೆ, ಟ್ರಾಕ್ಷನ್ ಕಂಟ್ರೋಲ್ ದೀಪ ಮಿಣಮಿಣ ಅನ್ನುತ್ತದೆ. ಕೈಯಲ್ಲಿರುವ ಶಕ್ತಿ ರಸ್ತೆಗೆ ಇಳಿಯದೆ ಹೋಗುವುದು ನನಗೆ ನಿಜವಾಗಲೂ ಬೇಜಾರಿನ ವಿಷಯ. ಹಳೆ ಟಯರ್ ಹೇಗೂ ಸವೆದಿತ್ತು. ಹೊಸದನ್ನು ಹಾಕಿಸುವಾಗ ಸ್ವಲ್ಪ ಅಗಲದ್ದೇ ಇರಲಿ ಅಂದುಕೊಂಡೆ.

ಚಕ್ರ ಮಾತ್ರ ಬದಲಿಸುವುದಿಲ್ಲ ಅಂತ ಮೊದಲೇ ತೀರ್ಮಾನ ಮಾಡಿದ್ದೆ. ಕಂಪನಿ ಅಲಾಯ್ ಚಕ್ರದ ಆಫ್‌ಸೆಟ್, ಅಂದರೆ ಚಕ್ರ ಎಷ್ಟು ಒಳಗೆ ಅಥವಾ ಹೊರಗೆ ಕೂರುತ್ತದೆ ಅನ್ನುವ ಅಳತೆ, ಸ್ಟೀರಿಂಗ್‌ಗೆ, ಬೇರಿಂಗ್‌ಗೆ ಹೊಂದುವಂತೆ ಲೆಕ್ಕ ಹಾಕಿ ಇಟ್ಟದ್ದು. ಅದನ್ನು ಕೆಡಿಸುವುದು ನನಗೆ ಇಷ್ಟವಿಲ್ಲ. ಹಾಗಾಗಿ ಪ್ರಶ್ನೆ ಒಂದೇ ಉಳಿಯಿತು: ಈ ಚಕ್ರ ಎಷ್ಟು ಅಗಲದ ಟಯರನ್ನು ಸರಿಯಾಗಿ ಹಿಡಿದುಕೊಳ್ಳುತ್ತದೆ?

ನನ್ನ ಚಕ್ರ 17 ಇಂಚು, ರಿಮ್ ಅಗಲ 7ಜೆ, ಅಂದರೆ 7 ಇಂಚು. ಇದನ್ನು ಚಕ್ರದ ಒಳಮುಖದಲ್ಲೋ ಕಡ್ಡಿಯ ಹಿಂದೆಯೋ ಅಚ್ಚು ಹಾಕಿರುತ್ತಾರೆ. ಕಂಪನಿ ಕೊಟ್ಟ ಟಯರ್ 205/45 ಆರ್17: 205 ಅಂದರೆ ಮಿಲಿಮೀಟರ್‌ನಲ್ಲಿ ಟಯರ್ ಅಗಲ, 17 ಅಂದರೆ ಇಂಚಿನಲ್ಲಿ ಚಕ್ರದ ವ್ಯಾಸ. ಪ್ರತಿ ಸೈಜ್‌ಗೂ ಇಷ್ಟರಿಂದ ಇಷ್ಟು ಅಗಲದ ರಿಮ್ ಅಂತ ಟಯರ್ ತಯಾರಕರ ಪಟ್ಟಿ ಇದೆ. ಟಯರ್ ಆರಿಸುವ ಮೊದಲು ಅದನ್ನು ನೋಡಲೇಬೇಕು. 205/45ಕ್ಕೆ 6.5ರಿಂದ 7.5 ಇಂಚು. 215/45ಕ್ಕೆ 7ರಿಂದ 8. 225/45ಕ್ಕೆ 7ರಿಂದ 8.5. ಅಂದರೆ ಕಾಗದದ ಮೇಲೆ ನನ್ನ ಚಕ್ರಕ್ಕೆ 225 ಕೂಡ ಕೂರುತ್ತದೆ.

ತೊಡಕು ಇರುವುದು ಎತ್ತರದಲ್ಲಿ. ಆ 45 ಅನ್ನುವುದು ಮಿಲಿಮೀಟರ್ ಅಲ್ಲ, ಅಗಲದ ಶೇಕಡಾ 45. ಅದು ಸೈಡ್‌ವಾಲ್‌ನ, ಅಂದರೆ ಟಯರ್ ಪಕ್ಕೆಯ ಎತ್ತರ. ಟಯರ್ ಅಗಲವಾದರೆ ಅದೂ ಎತ್ತರವಾಗುತ್ತದೆ. ಕಂಪನಿ ಟಯರ್‌ನ ಒಟ್ಟು ವ್ಯಾಸ 616 ಮಿಮೀ. 215/45 ಹಾಕಿದರೆ 625. 225/45 ಹಾಕಿದರೆ 634. ಕೊನೆಯದು ಹತ್ತಿರ ಹತ್ತಿರ ಶೇಕಡಾ 3 ಜಾಸ್ತಿ. ಗೇರಿಂಗ್ ಅಷ್ಟು ಉದ್ದವಾಗುತ್ತದೆ, ಅಂದರೆ ಚಕ್ರದ ಒಂದು ಸುತ್ತಿಗೆ ಕಾರು ಹೆಚ್ಚು ದೂರ ಹೋಗುತ್ತದೆ, ಹ್ಯಾಚ್‌ನ ಚುರುಕು ಅಷ್ಟು ಕಡಿಮೆಯಾಗುತ್ತದೆ. ಸರಿ, ಸೈಡ್‌ವಾಲ್ ಕಡಿಮೆ ಮಾಡಿ 225/40 ಹಾಕೋಣ ಅಂದರೆ? ವ್ಯಾಸ 612, ಕಂಪನಿಯದ್ದಕ್ಕೆ ತೀರಾ ಹತ್ತಿರ. ಆದರೆ ಪಟ್ಟಿಯಲ್ಲಿ ಅದಕ್ಕೆ ಕನಿಷ್ಠ 7.5 ಇಂಚಿನ ರಿಮ್ ಬೇಕು. ನನ್ನದು 7. ಎತ್ತರಕ್ಕೆ ಹೊಂದುವುದು ರಿಮ್‌ಗೆ ಹೊಂದದು, ರಿಮ್‌ಗೆ ಹೊಂದುವುದು ಎತ್ತರಕ್ಕೆ ಹೊಂದದು. 215/40 ಕೂಡ ರಿಮ್‌ಗೆ ಸರಿ, ಆದರೆ ವ್ಯಾಸ 604ಕ್ಕೆ ಇಳಿಯುತ್ತದೆ. ಸೈಡ್‌ವಾಲ್ ಇನ್ನಷ್ಟು ಗಿಡ್ಡ. ಗುಂಡಿ ಬಂದಾಗ ಪೆಟ್ಟು ನೇರ ಅಲಾಯ್‌ಗೆ. ಬೇಡವೇ ಬೇಡ.

ಹಾಗೆ 215/45ಕ್ಕೆ ಬಂದು ನಿಂತೆ.

ನನ್ನ ಗೆಳೆಯ ಅದೇ ಕಾರಿಗೆ, ಅದೇ 7ಜೆ ಚಕ್ರಕ್ಕೆ 225/45 ಹಾಕಿಸಿದ್ದಾನೆ. ಓಡಿಸಿ ನೋಡಿದ್ದೇನೆ. ಚಿಕ್ಕ ಕವರಿಗೆ ದೊಡ್ಡ ದಿಂಬು ತುರುಕಿದ ಹಾಗೆ, ಟಯರ್‌ನ ಪಕ್ಕೆ ರಿಮ್‌ನಿಂದ ಹೊರಗೆ ಉಬ್ಬಿ ನಿಂತಿದೆ. ಸ್ಟೀರಿಂಗ್ ತಿರುಗಿಸಿದರೆ ಮೊದಲು ಸೈಡ್‌ವಾಲ್ ವಾಲುತ್ತದೆ, ಆಮೇಲೆ ಮೂಗು ತಿರುಗುತ್ತದೆ. ಮಧ್ಯದಲ್ಲಿ ಒಂದು ಚೂರು ತಡ. ತಿರುವಿನ ನಡುವೆ ಹಿಡಿತ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಹಾಟ್ ಹ್ಯಾಚ್ ಅಂದರೆ ನನಗೆ ಆ ಮೊದಲ ತಿರುಗೇ ಎಲ್ಲ. ಅದು ಮಂಕಾದರೆ ಮಿಕ್ಕಿದ್ದು ಇದ್ದೇನು ಪ್ರಯೋಜನ? ಇನ್ನೊಂದು ವಿಷಯ. 225/45ರ ಅಗಲವನ್ನು ಅಳೆಯುವುದು 7.5 ಇಂಚಿನ ರಿಮ್ ಮೇಲೆ. ರಿಮ್ ಅರ್ಧ ಇಂಚು ಕಿರಿದಾದರೆ ಟಯರ್ ಅಗಲ ಸುಮಾರು 5 ಮಿಮೀ ಕಡಿಮೆಯಾಗುತ್ತದೆ. 225ಕ್ಕೆ ದುಡ್ಡು ಕೊಟ್ಟರೂ 7ಜೆ ಮೇಲೆ ಸಿಗುವುದು 220ರ ಆಸುಪಾಸು.

ಟಯರ್ ಆರಿಸುವಾಗ ಬಹಳ ಜನ ನೋಡದೆ ಬಿಡುವುದು ಲೋಡ್ ಇಂಡೆಕ್ಸ್, ಟಯರ್ ಎಷ್ಟು ಭಾರ ಹೊರುತ್ತದೆ ಅನ್ನುವ ಸಂಖ್ಯೆ. ನನ್ನ ಕಂಪನಿ ಟಯರ್ ಮೇಲೆ 88 ಅಂತಿತ್ತು, ಅಂದರೆ ಒಂದು ಟಯರ್ 560 ಕೆಜಿ ಹೊರುತ್ತದೆ. 215/45 ಆರ್17 ಎರಡು ಬಗೆಯಲ್ಲಿ ಸಿಗುತ್ತದೆ: ಸಾಮಾನ್ಯದ್ದು 87, ಎಕ್ಸ್‌ಎಲ್ (ಹೆಚ್ಚು ಭಾರ ಹೊರುವ ಬಗೆ) ಅಂತ ಬರೆದಿರುವುದು 91. 87 ಅಂದರೆ 545 ಕೆಜಿ. ಅಗಲ ಜಾಸ್ತಿ, ಹೊರುವ ಶಕ್ತಿ ಕಂಪನಿಯದ್ದಕ್ಕಿಂತ ಕಡಿಮೆ! ಅದನ್ನು ಹಾಕಲೇಬಾರದು. 91 ಆದರೆ 615 ಕೆಜಿ. ನಾನು ತಂದದ್ದು ಅದೇ. ಟಯರ್ ತಾಳುವ ಗರಿಷ್ಠ ವೇಗವನ್ನು ಹೇಳುವ ಅಕ್ಷರವೂ ಕಂಪನಿಯದ್ದಕ್ಕಿಂತ ಕೆಳಗೆ ಇಳಿಯಬಾರದು.

ಈಗ ಹಿಡಿತದ ಮಾತು. ಅಗಲದ ಟಯರ್ ಅಂದರೆ ರಸ್ತೆಗೆ ತಾಗುವ ಜಾಗ ಅಷ್ಟೇ ಜಾಸ್ತಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ ಅಲ್ವಾ? ಲೆಕ್ಕ ಹಾಗಿಲ್ಲ. ಮುಂದಿನ ಒಂದು ಚಕ್ರದ ಮೇಲೆ 400 ಕೆಜಿ ಭಾರ ಇದೆ ಅಂತಿಟ್ಟುಕೊಳ್ಳಿ. ಗಾಳಿ 33 ಪಿಎಸ್‌ಐ, ಅಂದರೆ ಚದರ ಸೆಂಟಿಮೀಟರ್‌ಗೆ ಸುಮಾರು 2.3 ಕೆಜಿ. ಭಾಗಿಸಿದರೆ ಹತ್ತಿರ ಹತ್ತಿರ 174 ಚದರ ಸೆಂಟಿಮೀಟರ್. ಟಯರ್ 205 ಇರಲಿ, 215 ಇರಲಿ, ಭಾರ ಮತ್ತು ಗಾಳಿ ಅಷ್ಟೇ ಇದ್ದರೆ ಈ ಜಾಗ ಹೆಚ್ಚೇನೂ ಬದಲಾಗುವುದಿಲ್ಲ. ಬದಲಾಗುವುದು ಆಕಾರ. ಅಡ್ಡಕ್ಕೆ ಅಗಲ, ಉದ್ದಕ್ಕೆ ಗಿಡ್ಡ. ತಿರುವಿನಲ್ಲಿ ಅದರಿಂದ ಸ್ವಲ್ಪ ಸಹಾಯ ಆಗುತ್ತದೆ. ಆದರೆ ನಿಜವಾದ ಹಿಡಿತ ಬರುವುದು ರಬ್ಬರ್‌ನಿಂದ. ಕಡಿಮೆ ದರ್ಜೆಯ 225ಕ್ಕಿಂತ ಒಳ್ಳೆ ಕಾಂಪೌಂಡ್‌ನ 205 ಎಷ್ಟೋ ಮೇಲು. ಬಜೆಟ್ ಸೀಮಿತ ಆಗಿದ್ದರೆ ಕಂಪನಿ ಸೈಜ್‌ನಲ್ಲೇ ಒಳ್ಳೆಯ ಟಯರ್ ಹಾಕಿಸಿ ಅಂತಲೇ ನಾನು ಹೇಳುವುದು.

ಫಿಟ್ಟಿಂಗ್‌ಗೆ ಮುಂಚೆ ಮನೆಯಲ್ಲೇ ಒಂದು ಕೆಲಸ ಮಾಡಿದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ, ಚಕ್ರದ ಹಿಂದೆ ಟಾರ್ಚ್ ಹಿಡಿದು, ಟಯರ್‌ಗೂ ಸಸ್ಪೆನ್ಷನ್ ಸ್ಟ್ರಟ್‌ಗೂ ನಡುವಿನ ಸಂದಿ ನೋಡಿದೆ. ಅಲ್ಲಿಗೆ ಸ್ಕೇಲ್ ಹೋಗುವುದಿಲ್ಲ. ಬೇರೆ ಬೇರೆ ದಪ್ಪದ ಡ್ರಿಲ್ ಬಿಟ್‌ಗಳನ್ನು ಒಂದೊಂದಾಗಿ ತೂರಿಸುತ್ತಾ ಹೋದೆ. 10 ಮಿಮೀ ಬಿಟ್ ಸಲೀಸಾಗಿ ಹೋಯಿತು. 215 ಹಾಕಿದರೆ ಒಳಗಡೆ ಜಾಸ್ತಿಯಾಗುವುದು ಸುಮಾರು 4-5 ಮಿಮೀ, ಮೇಲಕ್ಕೆ ಇನ್ನೊಂದು 4.5. ಹಾಗಾಗಿ ಸ್ಪ್ರಿಂಗ್ ಕೂರುವ ತಟ್ಟೆಯ ಕೆಳಗೂ ನೋಡಬೇಕು, ಕೆಲವು ಕಾರುಗಳಲ್ಲಿ ಅದು ಟಯರ್ ನೆತ್ತಿಗೆ ತೀರಾ ಹತ್ತಿರ ಇರುತ್ತದೆ.

ಹಾಕಿಸಿದ ಮೇಲೆ ತಾಗುತ್ತಿದೆಯಾ ಇಲ್ಲವಾ ಅಂತ ಹೇಳುವುದು ಹೊಸ ಟಯರ್ ಮೇಲಿನ ಸಣ್ಣ ರಬ್ಬರ್ ಕೂದಲು. ಹಿಂದಿನ ಸೀಟಿಗೆ ಮೂವರನ್ನು ಕೂರಿಸಿ, ಡಿಕ್ಕಿಗೆ ಸಾಮಾನು ತುಂಬಿಸಿ ಉಬ್ಬು ತಗ್ಗಿನ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದು ನೋಡಿದೆ. ಟಯರ್ ಭುಜದ (ನೆತ್ತಿ ಮತ್ತು ಪಕ್ಕೆ ಸೇರುವ ಅಂಚಿನ) ಮೇಲಿನ ಕೂದಲು ಸುತ್ತಲೂ ಹಾಗೇ ಇತ್ತು. ಚಕ್ರದ ಮೇಲಿನ ಪ್ಲಾಸ್ಟಿಕ್ ಲೈನರ್ ಮೇಲೂ ಉಜ್ಜಿದ ಹೊಳಪು ಇರಲಿಲ್ಲ. ಗೆಳೆಯನ ಕಾರಿನಲ್ಲಿ ಆ ಹೊಳಪು ಎದ್ದು ಕಾಣುತ್ತದೆ.

ಈಗ ಎರಡನೇ ಗೇರ್‌ನಲ್ಲಿ ಚಕ್ರ ಜಾರುವುದು ಕಡಿಮೆಯಾಗಿದೆ, ನಿಂತಿಲ್ಲ. ಸ್ಟೀರಿಂಗ್ ಮೊದಲಿನಷ್ಟೇ ಚುರುಕು. ಗೀರು ಬಿದ್ದ ರಸ್ತೆಯಲ್ಲಿ ಮಾತ್ರ ಆಚೀಚೆ ಎಳೆಯುವುದು ಸ್ವಲ್ಪ ಜಾಸ್ತಿ ಅನಿಸುತ್ತದೆ. ರಿಮ್ ಅಂಚಿಗೆ ಈಗ ರಬ್ಬರ್‌ನ ಆಸರೆ ಸಿಕ್ಕಿರುವುದು ನನಗೆ ದೊಡ್ಡ ಸಮಾಧಾನ, ಕಲ್ಲಂಚು ಮೊದಲು ತಾಗುವುದು ಟಯರ್‌ಗೆ. ಸ್ಪೀಡೋಮೀಟರ್‌ಗೂ ನಿಜ ವೇಗಕ್ಕೂ ಅಂತರ ಶೇಕಡಾ 1.5ರಷ್ಟು ಬದಲಾಗಿದೆ. ಕಾರುಗಳ ಸ್ಪೀಡೋ ಸಾಮಾನ್ಯವಾಗಿ ಸ್ವಲ್ಪ ಜಾಸ್ತಿಯೇ ತೋರಿಸುವುದರಿಂದ ನನ್ನದರಲ್ಲಿ ಅದು ನಿಜಕ್ಕೆ ಇನ್ನಷ್ಟು ಹತ್ತಿರ ಬಂದಿದೆ. ಟಯರ್ ಪ್ರೆಷರ್ ಎಚ್ಚರಿಕೆಯನ್ನು ಒಮ್ಮೆ ರೀಸೆಟ್ ಮಾಡಬೇಕಾಯಿತು, ಅಷ್ಟೇ.

ಮಳೆಯ ವಿಷಯದಲ್ಲಿ ಮಾತ್ರ ನಾನು ಬಿಗಿ. ಅಗಲದ ಟಯರ್ ನಿಂತ ನೀರಿನ ಮೇಲೆ ಬೇಗ ತೇಲುತ್ತದೆ. ಟ್ರೆಡ್‌ನ, ಅಂದರೆ ರಸ್ತೆಗೆ ತಾಗುವ ರಬ್ಬರ್‌ನ ಕಾಲುವೆಗಳ ಆಳದ ಗುರುತು 1.6 ಮಿಮೀಗೆ ಇರುತ್ತದೆ, ಅಲ್ಲಿಯವರೆಗೆ ನಾನು ಕಾಯುವುದಿಲ್ಲ. 3 ಮಿಮೀಗೆ ಬಂದಾಗ ನಾಲ್ಕನ್ನೂ ಬದಲಿಸುತ್ತೇನೆ. ಆಗಲೂ 215/45, 91 ಎಕ್ಸ್‌ಎಲ್.