ಹೆಸರಿಲ್ಲದ ಮೆಮೊರಿ ಯಾರ ಲೆಕ್ಕಕ್ಕೆ?

ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರ ಡೇಟಾಬೇಸ್ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಜನವರಿಯಲ್ಲಿ, ಆಲ್ದೂರು, ಮೂಡಿಗೆರೆ ಕಡೆಯಿಂದ ಪಾರ್ಚ್‌ಮೆಂಟ್ ಮತ್ತು ಚೆರ್ರಿ ಕಾಫಿ ತುಂಬಿ ಬಂದ ಲಾರಿಗಳು ವೇಬ್ರಿಡ್ಜ್ ಮುಂದೆ ಸಾಲುಗಟ್ಟಿದ್ದ ಹೊತ್ತಿನಲ್ಲಿ, ಮೆಮೊರಿ ತೀರಿದಾಗ ಪ್ರೊಸೆಸ್‌ಗಳನ್ನು ಕೊಲ್ಲುವ ಲಿನಕ್ಸ್‌ನ ಓಓಎಂ ಕಿಲ್ಲರ್ ನಮ್ಮ ಡೇಟಾಬೇಸ್ ಪೋಸ್ಟ್‌ಗ್ರೆಸ್‌ನ ಒಂದು ಬ್ಯಾಕೆಂಡನ್ನು (ಒಂದು ಸಂಪರ್ಕಕ್ಕಾಗಿ ದುಡಿಯುವ ಪ್ರೊಸೆಸ್ಸನ್ನು) ಕೊಂದುಹಾಕಿತು. ಹಾಗೆ ಒಂದು ಪ್ರೊಸೆಸ್ ಸತ್ತರೆ, ಎಲ್ಲ ಬ್ಯಾಕೆಂಡ್‌ಗಳೂ ಹಂಚಿಕೊಳ್ಳುವ ಶೇರ್ಡ್ ಮೆಮೊರಿ ಕೆಟ್ಟಿರಬಹುದೆಂಬ ಕಾರಣಕ್ಕೆ ಮುಖ್ಯ ಪ್ರೊಸೆಸ್ ಆದ ಪೋಸ್ಟ್‌ಮಾಸ್ಟರ್ ಉಳಿದ ಬ್ಯಾಕೆಂಡ್‌ಗಳನ್ನೂ ನಿಲ್ಲಿಸಿ, ಡೇಟಾವನ್ನು ಸರಿಸ್ಥಿತಿಗೆ ತರುವ ರಿಕವರಿಗೆ ಇಳಿಯುತ್ತದೆ. ಅದು ಮುಗಿಯುವವರೆಗೆ ಒಂದು ತೂಕದ ಚೀಟಿಯೂ ಹೊರಬರಲಿಲ್ಲ. "ಸಾರ್, ಇನ್ನೆಷ್ಟು ಹೊತ್ತು? ಡ್ರೈವರ್‌ಗಳು ಕೂಗಾಡ್ತಿದ್ದಾರೆ" ಎಂದು ತೂಕದ ಗುಮಾಸ್ತರು ಫೋನಿನಲ್ಲಿ ಕೇಳುತ್ತಲೇ ಇದ್ದರು, ರಿಕವರಿ ಮುಗಿದರೂ ಮೆಮೊರಿ ಮತ್ತೆ ಏರುವುದು ನನ್ನ ಕಣ್ಣೆದುರಿಗೇ ಕಾಣುತ್ತಿತ್ತು.

ರ‍್ಯಾಮ್ ಹೆಚ್ಚಿಸಿದರೆ ಸಾಕೆಂಬುದು ಆಡಳಿತದ ತೀರ್ಮಾನವಾಗಿತ್ತು. ಅದಕ್ಕೆ ಆಧಾರವಾಗಿದ್ದ, ಪ್ರೊಸೆಸ್‌ವಾರು ಮೆಮೊರಿ ತೋರಿಸುವ ಟಾಪ್ ಕಮಾಂಡಿನ ರೆಸ್ ಕಾಲಮ್ ಪ್ರತಿ ಬ್ಯಾಕೆಂಡೂ ಮುಟ್ಟಿದ ಶೇರ್ಡ್ ಮೆಮೊರಿಯ ಬಫರ್‌ಗಳನ್ನು ಆಯಾ ಬ್ಯಾಕೆಂಡಿನ ಲೆಕ್ಕಕ್ಕೇ ಸೇರಿಸುತ್ತದೆಯಾದ್ದರಿಂದ, ಅವುಗಳ ಮೊತ್ತಕ್ಕೆ ಅರ್ಥವೇ ಇರುವುದಿಲ್ಲ. ಎಷ್ಟು ಮೆಮೊರಿ ಹೋಯಿತು ಎನ್ನುವುದಕ್ಕಿಂತ ಯಾವ ಕೆಲಸಕ್ಕೆ ಹೋಯಿತು ಎನ್ನುವುದು ನಮಗೆ ಬೇಕಾಗಿತ್ತು.

ಪೋಸ್ಟ್‌ಗ್ರೆಸ್ ತಾನು ಪಡೆಯುವ ಮೆಮೊರಿಯನ್ನು ಹೆಸರಿರುವ ಕಾಂಟೆಕ್ಸ್ಟ್‌ಗಳಲ್ಲಿ ಇರಿಸುತ್ತದೆ. ಗೋದಾಮಿನ ಪ್ರತಿ ಮೂಟೆಗೂ ಲಾಟ್ ಚೀಟಿ ಇದ್ದಂತೆ. 2021ರಲ್ಲಿ ಬಂದ 14ನೇ ಆವೃತ್ತಿಯಿಂದ ಪಿಜಿ_ಲಾಗ್_ಬ್ಯಾಕೆಂಡ್_ಮೆಮೊರಿ_ಕಾಂಟೆಕ್ಸ್ಟ್ಸ್ ಎಂಬ ಫಂಕ್ಷನ್ನಿಗೆ ಪಿಐಡಿ (ಪ್ರೊಸೆಸ್ ಸಂಖ್ಯೆ) ಕೊಟ್ಟರೆ, ಓಡುತ್ತಿರುವ ಬೇರೆ ಬ್ಯಾಕೆಂಡಿನ ಕಾಂಟೆಕ್ಸ್ಟ್‌ಗಳ ಪಟ್ಟಿಯೂ ಲಾಗ್‌ಗೆ ಬರುತ್ತದೆ. ಊದಿಕೊಂಡಿದ್ದ ಬ್ಯಾಕೆಂಡಿನಲ್ಲಿ ಟೇಬಲ್, ಇಂಡೆಕ್ಸ್‌ಗಳ ವಿವರ ಕಾದಿಡುವ ಕ್ಯಾಶ್‌ಮೆಮೊರಿಕಾಂಟೆಕ್ಸ್ಟ್ ಬೃಹತ್ತಾಗಿತ್ತು. ಅದರಡಿ 'ಇಂಡೆಕ್ಸ್ ಇನ್ಫೋ' ಎಂಬ ಸಾಲುಗಳು, ಒಂದೊಂದರ ಮುಂದೆಯೂ ಇಂಡೆಕ್ಸಿನ ಹೆಸರು. ಒಂದು ಕಾಂಟೆಕ್ಸ್ಟ್‌ನಡಿ ಆ ಫಂಕ್ಷನ್ ನೂರು ಒಳ ಕಾಂಟೆಕ್ಸ್ಟ್‌ಗಳನ್ನು ತೋರಿಸಿ ಉಳಿದವನ್ನು ಒಟ್ಟುಗೂಡಿಸಿ ಹೇಳುತ್ತದಾದರೂ, ಆ ನೂರು ಹೆಸರುಗಳೇ ಸಾಕಾದವು. ತೂಕದ ಟೇಬಲ್ಲನ್ನು ದಿನಕ್ಕೊಂದು ಪಾರ್ಟಿಷನ್ ಆಗಿ ಒಡೆದಿದ್ದರು. ದಿನಾಂಕದ ಷರತ್ತಿಲ್ಲದ ಒಂದು ವರದಿ ಅವೆಲ್ಲವನ್ನೂ ತೆರೆಯುತ್ತಿತ್ತು, ಮತ್ತೆ ಮತ್ತೆ ಬಳಸಲೆಂದು ಸಂಪರ್ಕಗಳನ್ನು ತೆರೆದಿಡುವ ಪೂಲ್‌ನಲ್ಲಿ ವಾರಗಟ್ಟಲೆ ಬದುಕಿರುತ್ತಿದ್ದ ಸಂಪರ್ಕಗಳು ಆ ಕ್ಯಾಶನ್ನು ಬಿಟ್ಟುಕೊಡುತ್ತಿರಲಿಲ್ಲ. ವರದಿಗೆ ಷರತ್ತು ಸೇರಿಸಿ, ಸಂಪರ್ಕಗಳ ಆಯಸ್ಸಿಗೆ ಮಿತಿ ಹಾಕಿದೆವು.

ಆದರೂ ಕೆಲವು ಬ್ಯಾಕೆಂಡ್‌ಗಳಲ್ಲಿ ಲೆಕ್ಕ ಕೂಡಲಿಲ್ಲ. ಲಿನಕ್ಸ್‌ನ ಎಸ್‌ಮ್ಯಾಪ್ಸ್ ಫೈಲ್ ತೋರಿಸುವ ಪ್ರೈವೇಟ್ ಡರ್ಟಿ ಮೊತ್ತವು (ಆ ಪ್ರೊಸೆಸ್ ತಾನೊಂದೇ ಬರೆದು ಹಿಡಿದಿರುವ ಮೆಮೊರಿ) ಕಾಂಟೆಕ್ಸ್ಟ್‌ಗಳ ಮೊತ್ತಕ್ಕಿಂತ ಬಹಳ ಹೆಚ್ಚಿತ್ತು. ತೇವಾಂಶ ಮತ್ತು ಗ್ರೇಡ್ ಲೆಕ್ಕಕ್ಕೆ ಹೊರಗಿನವರಿಂದ ಬರೆಸಿದ್ದ ಸಿ ಎಕ್ಸ್‌ಟೆನ್ಶನ್ (ಪೋಸ್ಟ್‌ಗ್ರೆಸ್‌ಗೆ ಸೇರಿಸುವ, ಸಿ ಭಾಷೆಯ ಹೆಚ್ಚುವರಿ ಕೋಡ್) ಕಾಂಟೆಕ್ಸ್ಟ್‌ಗಳನ್ನು ಬಿಟ್ಟು, ಮೆಮೊರಿ ಪಡೆಯುವ ಸಿ ಫಂಕ್ಷನ್ ಆದ ಮ್ಯಾಲಕ್ಕನ್ನು ನೇರವಾಗಿ ಕರೆಯುತ್ತಿತ್ತು; ಹಾಗೆ ಪಡೆದ ಮೆಮೊರಿ ಯಾವ ಪಟ್ಟಿಯಲ್ಲೂ ಕಾಣುವುದಿಲ್ಲ, ಕ್ವೆರಿ ಎರರ್ ಆಗಿ ಅರ್ಧಕ್ಕೆ ನಿಂತಾಗ ತಾನಾಗಿ ಬಿಡುಗಡೆಯಾಗುವುದೂ ಇಲ್ಲ. ಅದನ್ನು ಕಾಂಟೆಕ್ಸ್ಟ್‌ನೊಳಗಿಂದ ಮೆಮೊರಿ ಕೊಡುವ ಪೋಸ್ಟ್‌ಗ್ರೆಸ್‌ನ ಪ್ಯಾಲಕ್‌ಗೆ ಬದಲಿಸಿ, ಅದಕ್ಕೆಂದೇ ಹೆಸರಿಟ್ಟ ಒಂದು ಕಾಂಟೆಕ್ಸ್ಟ್ ಮಾಡಿದೆವು. ಈ ಹೆಸರು ಕಂಪೈಲ್ ಹೊತ್ತಿಗೇ ಸ್ಥಿರವಾಗಿರಬೇಕಾದ್ದರಿಂದ, ಬದಲಾಗುವ ಲಾಟ್ ಸಂಖ್ಯೆಯನ್ನು ಮೆಮೊರಿಕಾಂಟೆಕ್ಸ್ಟ್‌ಸೆಟ್‌ಐಡೆಂಟಿಫೈಯರ್ ಮೂಲಕ ಅಂಟಿಸಿದೆವು. ಈಗ ಯಾವ ಲಾಟಿನ ಲೆಕ್ಕ ಮೆಮೊರಿ ಹಿಡಿದು ಕುಳಿತಿದೆಯೆಂದು ಲಾಗ್ ಓದಿದವರಿಗೆ ಕೂಡಲೇ ತಿಳಿಯುತ್ತದೆ.

ಹೊಸ ರ‍್ಯಾಮ್‌ಗೆ ಹಣ ಬೇಗ ಮಂಜೂರಾಯಿತು. ಹೊರಗಿನವರಿಂದ ಬರೆಸುವ ಕೋಡಿನಲ್ಲಿ ಹೆಸರಿಲ್ಲದ ಮೆಮೊರಿ ಇರಕೂಡದೆಂಬ ಒಂದು ಸಾಲನ್ನು ಒಪ್ಪಂದದಲ್ಲಿ ಸೇರಿಸಿ ಎಂದು ನಾನು ಬರೆದುಕೊಟ್ಟ ಕಾಗದ ಮಾತ್ರ ಇನ್ನೂ ಸಹಿಗೆ ಕಾದಿದೆ.