ಎಡ ಚಪ್ಪೆಯ (ಸೊಂಟದ ಕೀಲಿನ) ಡೈರಿ: ಕೋಟೆ ಹತ್ತುವ ಪ್ರಯತ್ನ, 14ನೇ ವಾರ

ಈ ಭಾನುವಾರ ಚಿತ್ರದುರ್ಗದ ಕೋಟೆಯಲ್ಲಿ ಗೋಪಾಲಸ್ವಾಮಿ ಹೊಂಡದವರೆಗೆ ಹೋಗಿ ಬಂದೆ. ಊರುಗೋಲು ಒಯ್ದಿರಲಿಲ್ಲ, ಯಾರ ಕೈಯನ್ನೂ ಹಿಡಿಯಲಿಲ್ಲ. ಹತ್ತುವಾಗ ಏನೂ ಅನ್ನಿಸಲಿಲ್ಲ. ಇಳಿಯುವಾಗ, ಏಕನಾಥೇಶ್ವರಿ ಗುಡಿ ದಾಟಿದ ಮೇಲೆ, ಎಡ ತೊಡೆಸಂದಿಯಲ್ಲಿ ಹಳೇ ನೋವು ಒಂದು ಸಲ ಚುಚ್ಚಿತು. ಬಂಡೆಯ ಮೇಲೆ ಕೂತೆ, ಹತ್ತು ನಿಮಿಷಕ್ಕೆ ಹೋಯಿತು. ರಾತ್ರಿ ಬರಲಿಲ್ಲ, ಸೋಮವಾರ ಬೆಳಿಗ್ಗೆಯೂ ಇರಲಿಲ್ಲ. ನಾನು ಕಾಯುವುದು ಅದನ್ನೇ. ನೋವು ಮರುದಿನಕ್ಕೂ ಉಳಿದರೆ, ಇಲ್ಲವೇ ಮಲಗಿದಾಗಲೂ ಕಾಡಿದರೆ, ಎಲ್ಲ ನಿಲ್ಲಿಸಿ ಡಾಕ್ಟರಿಗೆ ತೋರಿಸಬೇಕು ಎಂದು ಮೊದಲೇ ಮಾತಾಗಿದೆ.

ಹೊಸಬರಿಗೆ ಹಿಂದಿನ ಕಥೆ ಚಿಕ್ಕದಾಗಿ ಹೇಳುತ್ತೇನೆ. 2022ರಲ್ಲಿ ಹೊಳಲ್ಕೆರೆ ರಸ್ತೆಯಲ್ಲಿ ಓಡುತ್ತಿದ್ದೆ. ವಾರಕ್ಕೆ 15 ಕಿ.ಮೀ. ಇದ್ದದ್ದನ್ನು ಒಂದೇ ತಿಂಗಳಲ್ಲಿ 40ಕ್ಕೆ ಏರಿಸಿದೆ, ತೂಕ ಇಳಿಯಲಿ ಅಂತ ರಾತ್ರಿ ಊಟವನ್ನೂ ಬಿಟ್ಟೆ. ಮೂರು ತಿಂಗಳು ಮುಟ್ಟು ನಿಂತಿತ್ತು. ಅದನ್ನು ಯಾರಿಗೂ ಹೇಳಲಿಲ್ಲ, ಈಗ ಬೇಕೆಂದೇ ಬರೆಯುತ್ತಿದ್ದೇನೆ. ದೇಹಕ್ಕೆ ಸಾಲುವಷ್ಟು ಅನ್ನ ಬೀಳದಿದ್ದರೆ ಮುಟ್ಟು ನಿಲ್ಲುತ್ತದೆ, ಅದರ ಬೆನ್ನಿಗೇ ಎಲುಬು ಸೊರಗುತ್ತದೆ. ಆಮೇಲೆ ಪರೀಕ್ಷೆ ಮಾಡಿಸಿದಾಗ ವಿಟಮಿನ್ ಡಿ ಬರೀ 11 ಇತ್ತು. 20ಕ್ಕಿಂತ ಕೆಳಗಿದ್ದರೆ ಕೊರತೆ ಅನ್ನುತ್ತಾರೆ.

ತೊಡೆಸಂದಿ ನೋಯಲು ಶುರುವಾದಾಗ ಮೊದಲು ತೋರಿಸಿದ ಕಡೆ ಎಕ್ಸ್‌ರೇ ತೆಗೆದು, ಏನೂ ಇಲ್ಲ, ನರ ಹಿಡಿದಿದೆ ಅಂದರು. ಅತಿಯಾಗಿ ಓಡಿ ಎಲುಬಿನಲ್ಲಿ ಬೀಳುವ ಸಣ್ಣ ಬಿರುಕು ಮೊದಮೊದಲು ಎಕ್ಸ್‌ರೇಯಲ್ಲಿ ಕಾಣದೇ ಇರುವುದು ಸಾಮಾನ್ಯ ಅಂತ ನನಗೆ ಗೊತ್ತಿರಲಿಲ್ಲ. ಇನ್ನೂ ಮೂರು ವಾರ ಕುಂಟುತ್ತಲೇ ಓಡಿದೆ. ದಾವಣಗೆರೆಗೆ ಹೋಗಿ ಎಂಆರ್‌ಐ ಮಾಡಿಸಿದಾಗ ತೊಡೆಮೂಳೆಯ ಕುತ್ತಿಗೆಯಲ್ಲಿ, ಅಂದರೆ ಸೊಂಟದ ಕೀಲಲ್ಲಿ ಕೂರುವ ಮೂಳೆಯ ತಲೆಗೆ ಸ್ವಲ್ಪ ಕೆಳಗೆ, ಅಂಥದೇ ಬಿರುಕು (ಸ್ಟ್ರೆಸ್ ಫ್ರಾಕ್ಚರ್) ಸಿಕ್ಕಿತು. ಪುಣ್ಯಕ್ಕೆ ಬಿರುಕು ಕೆಳಬದಿಯಲ್ಲಿತ್ತು. ನಿಂತಾಗ ಆ ಬದಿ ಒತ್ತಿಕೊಳ್ಳುತ್ತದೆ, ಬಿರುಕು ಚಿಕ್ಕದಿದ್ದರೆ ಭಾರ ಹಾಕದೆ ವಿಶ್ರಾಂತಿ ಕೊಟ್ಟರೆ ಕೂಡುತ್ತದೆ. ಮೇಲ್ಬದಿ ಹಾಗಲ್ಲ. ಪ್ರತಿ ಹೆಜ್ಜೆಗೂ ಅಲ್ಲಿ ಎಳೆತ ಬೀಳುವುದರಿಂದ ಸಾಮಾನ್ಯವಾಗಿ ಸ್ಕ್ರೂ ಹಾಕುತ್ತಾರೆ. ಮೂಳೆಯ ತಲೆಗೆ ರಕ್ತ ಒಯ್ಯುವ ನಾಳಗಳು ಈ ಕುತ್ತಿಗೆಯನ್ನು ಅಂಟಿಕೊಂಡೇ ಏರುತ್ತವೆ. ಬಿರುಕು ಪೂರ್ತಿ ಒಡೆದು ಎಲುಬು ಜಾರಿದರೆ ಆ ನಾಳಗಳು ಹರಿಯಬಹುದು. ರಕ್ತ ಸಿಗದೆ ತಲೆಭಾಗ ಸತ್ತು ಕುಸಿದರೆ ಕೊನೆಗೆ ಕೀಲನ್ನೇ ಬದಲಿಸಬೇಕಾಗುತ್ತದೆ. ಆ ಮೂರು ವಾರದ ಓಟ ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಆರು ವಾರ ಎಡಗಾಲು ಊರಲಿಲ್ಲ. ನಾಲ್ಕನೇ ತಿಂಗಳಿಗೆ ಎಲುಬು ಕೂಡಿದೆ ಅಂದರು. ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ.

ಎರಡು ವರ್ಷ ಕಳೆದ ಮೇಲೆ ಚಪ್ಪಲಿ ಹೊಲಿಯುವ ಅಣ್ಣನ ಹತ್ತಿರ ಶೂ ರಿಪೇರಿಗೆ ಕೊಟ್ಟೆ. ಅವನು ಎರಡನ್ನೂ ಮಗುಚಿ, ತೊಡೆ ಮೇಲೆ ಜೋಡಿಸಿಟ್ಟುಕೊಂಡು ಕೇಳಿದ: "ಅಕ್ಕಾರೆ, ಎಡಗಾಲ ಮೇಲೆ ಭಾರ ಹಾಕಂಗಿಲ್ವಾ ನೀವು? ಬಲಗಡೇದು ಹಿಮ್ಮಡಿ ಪೂರಾ ಸವದೈತೆ, ಎಡಗಡೇದು ಹೊಸದಿದ್ದಂಗೈತೆ." ಬಲಗಡೆಯ ರಬ್ಬರು ಒಂದು ಮೂಲೆಯಲ್ಲಿ ಬಟ್ಟೆ ಕಾಣುವಷ್ಟು ತೆಳ್ಳಗಾಗಿತ್ತು. ಎಡದ ಗೆರೆಗಳು ಅಂಗಡಿಯಿಂದ ತಂದಾಗ ಇದ್ದ ಹಾಗೇ ಇದ್ದವು. ನಾನು ಸರಿಯಾಗಿ ನಡೀತಿದ್ದೀನಿ ಅಂತಲೇ ನಂಬಿದ್ದೆ.

ಫಿಸಿಯೋ ಹತ್ತಿರ ಹೋದೆ. ಒಂಟಿಗಾಲಲ್ಲಿ ನಿಲ್ಲಿಸಿ ನೋಡಿದರು. ಎಡಗಾಲ ಮೇಲೆ ನಿಂತ ಕೂಡಲೇ ಬಲ ಸೊಂಟ ಕೆಳಗೆ ಜಾರುತ್ತಿತ್ತು. ಸೊಂಟವನ್ನು ಮಟ್ಟವಾಗಿ ಹಿಡಿಯುವ ಪಕ್ಕದ ಸ್ನಾಯು ಆರು ವಾರದ ವಿಶ್ರಾಂತಿಯಲ್ಲಿ ಸೊರಗಿತ್ತು. ಆಮೇಲೆ ಹೆದರಿಕೆಯಿಂದ ನಾನು ಅದಕ್ಕೆ ಕೆಲಸವನ್ನೇ ಕೊಟ್ಟಿರಲಿಲ್ಲ. ಈ ಕೋಟೆ ಹತ್ತುವ ಪ್ರಯತ್ನ ಶುರುವಾದದ್ದು ಅಲ್ಲಿಂದ.

ಮನೆಯಲ್ಲಿ ಸೊಂಟಕ್ಕೆ ಉಡುದಾರದ ಹಾಗೆ ಕೆಂಪು ನೂಲು ಕಟ್ಟಿಕೊಂಡು ಕನ್ನಡಿ ಮುಂದೆ ನಿಲ್ಲುತ್ತೇನೆ. ಮೊದಲ ವಾರ ಎಡಗಾಲಲ್ಲಿ 6 ಸೆಕೆಂಡಿಗೇ ನೂಲು ಎರಡು ಬೆರಳು ವಾಲಿತ್ತು. ಈಗ 31 ಸೆಕೆಂಡು ಮಟ್ಟವಾಗಿ ನಿಲ್ಲುತ್ತದೆ. ಬಲಗಾಲು 45. ಇದರ ಜೊತೆಗೆ ಮಗ್ಗುಲಾಗಿ ಮಲಗಿ ಕಾಲೆತ್ತುವುದು, ಅಂಗಾತ ಮಲಗಿ ಸೊಂಟ ಎತ್ತುವುದು ಇದೆ. ಹೆಚ್ಚು ಫಲ ಕೊಟ್ಟದ್ದು ಮಾತ್ರ ಜಗಲಿಯ ಮೆಟ್ಟಿಲು. ಎಡಗಾಲನ್ನು ಮೇಲೇ ಇಟ್ಟು, ಬಲ ಹಿಮ್ಮಡಿ ನೆಲಕ್ಕೆ ತಾಗುವಷ್ಟು ನಿಧಾನವಾಗಿ ಇಳಿದು ಮತ್ತೆ ಏಳುವುದು. ಕೋಟೆಯ ನುಣುಪು ಕಲ್ಲುಗಳಲ್ಲಿ ಇಳಿಯುವಾಗ ಬೇಕಾಗುವುದು ಈ ಹಿಡಿತವೇ.

ಶುರುವಿನ ವಾರಗಳಲ್ಲಿ ಕೋಲು ಹಿಡಿದು ಹೋಗುತ್ತಿದ್ದೆ. ನೋವಿರೋ ಕಡೆಗೆ ಹಿಡಿ ಅಂತ ಅವ್ವನ ಹಟ. ಕೋಲು ಇರಬೇಕಾದ್ದು ಎದುರು ಕೈಯಲ್ಲಿ. ಎಡ ಚಪ್ಪೆಗೆ ಬಲಗೈ ಕೋಲು ಹಿಡಿದರೆ ಆ ಸ್ನಾಯುವಿನ ದುಡಿಮೆ ತಗ್ಗುತ್ತದೆ, ಕೀಲಿನ ಮೇಲಿನ ಒತ್ತಡವೂ ಇಳಿಯುತ್ತದೆ. ಅವ್ವನಿಗೇ ಎರಡೂ ಥರ ನಡೆದು ತೋರಿಸಿದೆ, ಒಪ್ಪಿದಳು. ರಾತ್ರಿ ಮುದ್ದೆ ತಪ್ಪದಂತೆ ಈಗ ಅವಳದೇ ಕಾವಲು.

ಮುಂದಿನ ಭಾನುವಾರವೂ ಗೋಪಾಲಸ್ವಾಮಿ ಹೊಂಡದವರೆಗೇ, ಒಂದು ಹೆಜ್ಜೆಯೂ ಹೆಚ್ಚಿಲ್ಲ. ಇಳಿಯುವಾಗ ಎರಡು ಸಲ ಕೂರುತ್ತೇನೆ, ನೋವು ಬರಲಿ ಬಿಡಲಿ. ಶೂಗೆ ಹೊಸ ಹಿಮ್ಮಡಿ ಹಾಕಿಸಿದ್ದೇನೆ. ಮೂರು ತಿಂಗಳಾದ ಮೇಲೆ ಅದೇ ಅಣ್ಣನಿಗೆ ತೋರಿಸಿ, ಎರಡೂ ಕಡೆ ಎಷ್ಟೆಷ್ಟು ಸವೆದಿದೆ ಅಂತ ಕೇಳಿ ಬರೆಯುತ್ತೇನೆ.